ಜಾಝ್ ತಟ್ಟೆಗಳೂ ಯಂತ್ರದ ಸಾಕ್ಷ್ಯವೂ

ಜಾಝ್ ಸಂಗೀತದ ಅಭಿಮಾನಿಗಳು ನಾಲ್ವರು ಕಲೆತರೆ ಒಂದು ವಾದ ಏಳುವುದು ವಾಡಿಕೆ: ಈ ಸಂಗೀತದ ಅತ್ಯುತ್ತಮ ಧ್ವನಿಮುದ್ರಿಕೆ ಯಾವುದು? 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಎಂದು ಒಬ್ಬರು ಹೇಳಿದರೆ, 1959ರ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ಎಂದು ಇನ್ನೊಬ್ಬರು ಹಟ ಹಿಡಿಯುತ್ತಾರೆ. ಈ ಲೇಖಕನ ಒಲವು ಎರಡನೆಯದರ ಕಡೆಗೆ. ಆದರೆ ತೀರ್ಪು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ಕಚೇರಿಯ ಮನೋಧರ್ಮ ಸಂಗೀತದಂತೆ ಜಾಝ್ ಕೂಡ ಬಹುಮಟ್ಟಿಗೆ ಆ ಕ್ಷಣದಲ್ಲಿಯೇ ಹುಟ್ಟುವಂಥದು. ಕ್ಷಣ ಕಳೆದ ಮೇಲೆ ಉಳಿಯುವುದು ತಟ್ಟೆಯೊಂದೇ. ಆ ತಟ್ಟೆ ಹೇಳುವುದೆಲ್ಲವೂ ನಿಜವೆ?

1923ರ ಏಪ್ರಿಲ್ ತಿಂಗಳಿನಲ್ಲಿ ಕಿಂಗ್ ಆಲಿವರನ ತಂಡ ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್ಮಂಡ್ ಊರಿನಲ್ಲಿ ಮುದ್ರಣಕ್ಕೆ ನಿಂತಿತು. ಮುದ್ರಣಶಾಲೆಯ ಪಕ್ಕದಲ್ಲೇ ರೈಲುಹಾದಿ. ಗಾಡಿ ಬಂದಾಗಲೆಲ್ಲ ಕೆಲಸ ನಿಲ್ಲಿಸಬೇಕಾಗುತ್ತಿತ್ತು. ಅಲ್ಲಿ ಮೈಕ್ರೋಫೋನು ಇರಲಿಲ್ಲ. ವಾದಕರೆಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ಎದುರಾಗಿ ನುಡಿಸುತ್ತಿದ್ದರು. ಕಹಳೆಯ ಕಿರಿದಾದ ತುದಿಯಲ್ಲಿ ಒಂದು ತೆಳುಪೊರೆ, ಪೊರೆಗೆ ಜೋಡಿಸಿದ ಮುಳ್ಳು. ಗಾಳಿಯ ಅದಿರಾಟದಿಂದಲೇ ಆ ಮುಳ್ಳು ತಿರುಗುವ ಮೇಣದ ತಟ್ಟೆಯ ಮೇಲೆ ಗೀರೆಳೆಯಬೇಕು. ಇಂಥ ಸಾಧನ ಸೆಕೆಂಡಿಗೆ ಸುಮಾರು 200ರಿಂದ 2,500 ಕಂಪನಗಳವರೆಗಿನ ನಾದವನ್ನು ಮಾತ್ರ ಹೇಗೋ ಹಿಡಿಯಬಲ್ಲದಾಗಿತ್ತು. ತಂತಿವಾದ್ಯದ ಆಳವಾದ ಮಂದ್ರವೂ ತಾಳದ ಲೋಹದ ತಟ್ಟೆಗಳ ಝೇಂಕಾರವೂ ಅದರ ಪಾಲಿಗೆ ಇಲ್ಲವೇ ಇಲ್ಲ. ದೊಡ್ಡ ಡ್ರಮ್ಮನ್ನು ಬಲವಾಗಿ ಹೊಡೆದರೆ ಮುಳ್ಳು ಗೀರಿನಿಂದ ಹಾರಿಬಿಡುವ ಭಯ. ಆದ್ದರಿಂದ ಬೇಬಿ ಡಾಡ್ಸ್ ಮರದ ತುಂಡುಗಳ ಮೇಲೆ ಟಕಟಕ ತಾಳ ಹಾಕಿದನು. ಯುವಕ ಆರ್ಮ್‌ಸ್ಟ್ರಾಂಗನ ಕಾರ್ನೆಟ್ಟಿನ ನಾದ ಎಲ್ಲರನ್ನೂ ಮುಳುಗಿಸುವಷ್ಟು ದೊಡ್ಡದಾಗಿದ್ದುದರಿಂದ ಅವನನ್ನು ಬಹು ಹಿಂದೆ ನಿಲ್ಲಿಸಿದರೆಂದು ತಂಡದ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ನೆನೆದಿದ್ದಾಳೆ. ಈ ಸಂಗತಿಗಳನ್ನು ಅರಿಯದೆ ಆ ತಟ್ಟೆಯನ್ನು ಕೇಳಿದವನು, ಆ ಕಾಲದ ತಾಳಗಾರರು ಮರದ ತುಂಡುಗಳನ್ನೇ ಬಡಿಯುತ್ತಿದ್ದರೆಂದು ತಿಳಿದರೆ ಆಶ್ಚರ್ಯವೇನು?

1925ರಲ್ಲಿ ವಿದ್ಯುತ್ ಮುದ್ರಣ ಬಂದಿತು. ಮೈಕ್ರೋಫೋನು ನಾದವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಅದನ್ನು ಬಲಪಡಿಸಿ ಮುಳ್ಳನ್ನು ನಡೆಸತೊಡಗಿತು. ‘ವೆಸ್ಟ್ ಎಂಡ್ ಬ್ಲೂಸ್’ನ ಆರಂಭದಲ್ಲಿ ಆರ್ಮ್‌ಸ್ಟ್ರಾಂಗ್ ಒಬ್ಬನೇ ಪಕ್ಕವಾದ್ಯವಿಲ್ಲದೆ ಏರಿ ಇಳಿಯುವ ಆ ಪ್ರಸಿದ್ಧ ಸ್ವರಪಂಕ್ತಿ ನಮ್ಮ ಕಿವಿಗೆ ಅಷ್ಟು ಹೊಳಪಾಗಿ ಕೇಳುವುದಕ್ಕೆ ಅವನ ಉಸಿರಿನಷ್ಟೇ ಈ ಹೊಸ ಸಾಧನವೂ ಕಾರಣ. ಆದರೂ ಹತ್ತಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ ಮೂರು ನಿಮಿಷಗಳಲ್ಲಿ ಮುಗಿಯುತ್ತಿತ್ತು. ಈ ಕಟ್ಟು ನಮ್ಮವರನ್ನೂ ಬಿಟ್ಟಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲು ತಟ್ಟೆಗೆ ಹಾಡಿ, ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರೂ ಖಯಾಲನ್ನು ಮೂರು ನಿಮಿಷಗಳಿಗೆ ಇಳಿಸಬೇಕಾಯಿತು. 1948ರಲ್ಲಿ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತಿನ ದೀರ್ಘವಾದನದ ತಟ್ಟೆಯನ್ನು ಹೊರತಂದ ಮೇಲೆ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಅವಕಾಶ ದೊರೆಯಿತು.

ಆ ಅವಕಾಶದ ಅತ್ಯುತ್ತಮ ಫಲವೇ ‘ಕೈಂಡ್ ಆಫ್ ಬ್ಲೂ’. ಮೊದಲನೆಯ ರಚನೆ ‘ಸೋ ವಾಟ್’ ಒಂದೇ ಒಂಬತ್ತು ನಿಮಿಷ ಮೀರುತ್ತದೆ. ಅದರ ಚೌಕಟ್ಟು ಕನ್ನಡಿಗರಿಗೆ ಅಪರಿಚಿತವಾಗಿರಲಾರದು. ಜಾಝ್ ವಾದಕರಿಗೆ ರೂಢಿಯಾಗಿದ್ದ, ಕ್ಷಣಕ್ಷಣಕ್ಕೂ ಬದಲಾಗುವ ಸ್ವರಮೇಳಗಳನ್ನು ಡೇವಿಸ್ ಇಲ್ಲಿ ಬದಿಗಿಟ್ಟನು. 32 ಬಾರ್‌ಗಳ ಒಂದು ಆವರ್ತದಲ್ಲಿ ಮೊದಲ 16 ಬಾರ್‌ಗಳಿಗೆ ಡಿ ಎಂಬ ಸ್ವರವೇ ಆಧಾರ. ಮುಂದಿನ 8ಕ್ಕೆ ಆಧಾರಸ್ವರ ಅರ್ಧ ಮೆಟ್ಟಿಲು ಮೇಲೇರಿ ಈ ಫ್ಲ್ಯಾಟ್ ಆಗುತ್ತದೆ. ಕೊನೆಯ 8ಕ್ಕೆ ಮತ್ತೆ ಡಿ. ಸ್ವರಶ್ರೇಣಿಯಾದರೋ ನಮ್ಮ ಖರಹರಪ್ರಿಯ ಮೇಳದ್ದೇ, ಹಿಂದುಸ್ತಾನಿಯವರ ಕಾಫಿ ಥಾಟಿನದು. ಷಡ್ಜವನ್ನು ಅರ್ಧ ಮೆಟ್ಟಿಲು ಎತ್ತಿ ಇಳಿಸುವ ಆ ಒಂದು ಸಣ್ಣ ಚಲನೆಯೇ ಇಡೀ ರಚನೆಯ ಪ್ರಾಣ.

ಮೊದಲನೆಯ ಮಗ್ಗುಲಿನ ಮೂರು ರಚನೆಗಳನ್ನು 1959ರ ಮಾರ್ಚ್ 2ರಂದು, ಹಿಂದೆ ಇಗರ್ಜಿಯಾಗಿದ್ದ ನ್ಯೂಯಾರ್ಕಿನ ಮುದ್ರಣಶಾಲೆಯೊಂದರಲ್ಲಿ ಟೇಪಿಗೆ ಹಿಡಿದರು. ಎರಡನೆಯ ಮಗ್ಗುಲಿನವು ಏಪ್ರಿಲ್ 22ರವು. ಮಾರ್ಚ್ ತಿಂಗಳಿನ ಆ ದಿನ ಮುಖ್ಯ ಟೇಪುಯಂತ್ರ ಇರಬೇಕಾದುದಕ್ಕಿಂತ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

ಇದರ ಫಲವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಸೆಕೆಂಡಿಗೆ 15 ಅಂಗುಲ ಓಡಬೇಕಾದ ಟೇಪು 14.7 ಅಂಗುಲ ಮಾತ್ರ ಓಡಿತೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ 440 ಕಂಪನಗಳುಳ್ಳ ನಾದದ ಗುರುತುಗಳು 14.7 ಅಂಗುಲದಲ್ಲಿಯೇ ಒತ್ತಾಗಿ ಕೂರುತ್ತವೆ. ಅದೇ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಒಂದು ಸೆಕೆಂಡಿನಲ್ಲಿ 15 ಅಂಗುಲ ಸರಿಯುವುದರಿಂದ ಸುಮಾರು 449 ಕಂಪನಗಳು ಹೊರಡುತ್ತವೆ. ಶ್ರುತಿ ಏರಿತು, ಹತ್ತು ನಿಮಿಷದ ವಾದನ 9 ನಿಮಿಷ 48 ಸೆಕೆಂಡಿಗೇ ಮುಗಿಯಿತು. ಅರ್ಧ ಮೆಟ್ಟಿಲು ಮೇಲಿನ ಸ್ವರಕ್ಕೆ 466 ಕಂಪನಗಳು ಬೇಕು. ಎಂದರೆ ನಾದ ಅತ್ತ ಆ ಸ್ವರವೂ ಅಲ್ಲ, ಇತ್ತ ಮೂಲಸ್ವರವೂ ಅಲ್ಲ.

ಹೀಗಿದ್ದೂ ಕೋಟಿಗಟ್ಟಲೆ ಕಿವಿಗಳು ಇದನ್ನು ಒಪ್ಪಿಕೊಂಡದ್ದು ಹೇಗೆ? ವೇಗದ ದೋಷ ಎಲ್ಲ ಕಂಪನಗಳನ್ನೂ ಒಂದೇ ಪ್ರಮಾಣದಲ್ಲಿ ಗುಣಿಸುತ್ತದೆ. ಷಡ್ಜ ಎಷ್ಟು ಪಾಲು ಏರಿತೋ ಪಂಚಮವೂ ಅಷ್ಟೇ ಪಾಲು ಏರುತ್ತದೆ; ಅವುಗಳ ಸಂಬಂಧ ಕೆಡುವುದಿಲ್ಲ. ಬಹುಪಾಲು ಜನರ ಕಿವಿ ಹಿಡಿಯುವುದು ಸಂಬಂಧವನ್ನು. ತಂಬೂರಿಯನ್ನು ಒಂದು ಕೂದಲೆಳೆಯಷ್ಟು ಏರಿಸಿ ಹಾಡಿದರೆ ಸಭೆಯಲ್ಲಿ ಎಷ್ಟು ಮಂದಿ ತಲೆಯೆತ್ತುತ್ತಾರೆ? ಪೆಟ್ಟು ಬಿದ್ದುದು ವಿದ್ಯಾರ್ಥಿಗಳಿಗೆ. ತಟ್ಟೆಯ ಜೊತೆಯಲ್ಲಿ ನುಡಿಸಿ ಕಲಿಯುವುದು ಜಾಝ್ ಕಲಿಯುವವರ ಹಳೆಯ ಕ್ರಮ. ಡಿಗೂ ಈ ಫ್ಲ್ಯಾಟಿಗೂ ನಡುವಣ ಅರ್ಧ ಮೆಟ್ಟಿಲೇ ಪ್ರಾಣವಾದ ರಚನೆಯಲ್ಲಿ, ಪಿಯಾನೊದ ಯಾವ ಮಣೆಯನ್ನು ಒತ್ತಿದರೂ ತಟ್ಟೆಯೊಡನೆ ಕೂಡದಿರುವುದು ಎಂಥ ಪೇಚಾಟ!

ಬಿಡಿಸಿದುದು ಎರಡನೆಯ ಯಂತ್ರ. ಮುಖ್ಯ ಟೇಪಿಗೆ ಅಪಾಯವಾದರೆ ಇರಲೆಂದು ಅಂದು ಇನ್ನೊಂದು ಯಂತ್ರವನ್ನೂ ಜೊತೆಯಲ್ಲಿ ಓಡಿಸಿದ್ದರು. ಅದರ ವೇಗ ಸರಿಯಾಗಿತ್ತು. 1992ರ ಮರುಮುದ್ರಣಕ್ಕೆ ಆ ಟೇಪನ್ನೇ ಬಳಸಿದಾಗ, ಮೂವತ್ತಮೂರು ವರ್ಷಗಳ ತರುವಾಯ, ಮೊದಲ ಮಗ್ಗುಲು ತನ್ನ ಶ್ರುತಿಗೆ ಇಳಿಯಿತು.

ಕಾವಲಿಗೆಂದು ಇಟ್ಟ ಯಂತ್ರ ಇದಕ್ಕೂ ವಿಚಿತ್ರವಾದ ಉಪಕಾರವನ್ನು ಬೇರೊಂದೆಡೆ ಮಾಡಿದೆ. 1932ರ ಫೆಬ್ರವರಿಯಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದ ವಾದನವನ್ನು ಎರಡು ಯಂತ್ರಗಳಲ್ಲಿ, ಒಂದೊಂದಕ್ಕೂ ಬೇರೆ ಮೈಕ್ರೋಫೋನಿಟ್ಟು, ಏಕಕಾಲಕ್ಕೆ ಮುದ್ರಿಸಿದ್ದರು. 1980ರ ದಶಕದಲ್ಲಿ ಸಂಗ್ರಾಹಕರು ಆ ಎರಡು ತಟ್ಟೆಗಳನ್ನು ಹೊಂದಿಸಿ, ಒಂದನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಕೊಟ್ಟರು. ಮಾರುಕಟ್ಟೆಗೆ ಸ್ಟೀರಿಯೊ ತಟ್ಟೆಗಳು ಬರುವುದಕ್ಕೆ ಕಾಲು ಶತಮಾನ ಮೊದಲೇ ನುಡಿಸಿದ ತಂಡ, ವಾದ್ಯಗಳು ಎಡಬಲಕ್ಕೆ ಹರಡಿಕೊಂಡು, ಎದುರಿಗೆ ಬಂದು ಕುಳಿತಂತಾಯಿತು.

ತಿದ್ದಿದ ‘ಸೋ ವಾಟ್’ ತುಸು ಜಡವೆಂದು ಹಳೆಯ ಅಭಿಮಾನಿಗಳು ದೂರುವುದುಂಟು. ಈ ಲೇಖಕನ ಕಿವಿಗೆ ಅದು ಹೆಚ್ಚು ನಿರಾಳವಾಗಿ ಕೇಳುತ್ತದೆ. ಪಾಲ್ ಚೇಂಬರ್ಸನ ತಂತಿವಾದ್ಯಕ್ಕೆ ತಕ್ಕ ತೂಕ ಬಂದಿದೆ. ವಾಚಕರು ತಾವೇ ಪರೀಕ್ಷಿಸಬಹುದು. 440 ಕಂಪನಗಳಿಗೆ ಶ್ರುತಿ ಕೂಡಿಸಿದ ಕೀಬೋರ್ಡೊಂದರಲ್ಲಿ ಡಿ ಸ್ವರವನ್ನು ಹಿಡಿದು ‘ಸೋ ವಾಟ್’ ಕೇಳಿ. ಆಮೇಲೆ ಜಿ ಸ್ವರವನ್ನು ಹಿಡಿದು ಎರಡನೆಯ ಮಗ್ಗುಲಿನ ‘ಆಲ್ ಬ್ಲೂಸ್’ ಕೇಳಿ. ಎರಡನೆಯದು ಕೂಡಿ ಮೊದಲನೆಯದು ಮಾತ್ರ ಮೇಲೆ ನಿಂತರೆ ನಿಮ್ಮ ಪ್ರತಿ ಆ ನಿಧಾನದ ಯಂತ್ರದ ಸಂತತಿ. ಎರಡೂ ಕೂಡದಿದ್ದರೆ ದೋಷ ನಿಮ್ಮ ಮನೆಯ ಯಂತ್ರದ್ದೇ ಇರಬೇಕು.