ಮಿದುಳಿನ ಮಾಡೆಲ್ ಸರಿ, ಆದ್ರೆ ಯಾರ ಮಿದುಳು?

ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಕ ತಗ್ಗಿಸಲು ಮಿದುಳಿನ ಆಳಕ್ಕೆ ತೆಳುವಾದ ಎಲೆಕ್ಟ್ರೋಡ್ ಇಳಿಸಿ ಕರೆಂಟ್ ಕೊಡುತ್ತಾರೆ. ಇದೇ ಡೀಪ್ ಬ್ರೇನ್ ಸ್ಟಿಮ್ಯುಲೇಶನ್, ಅಂದ್ರೆ ಡಿಬಿಎಸ್. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ತಂಡ ಇದಕ್ಕೆ ಇವತ್ತಿನ ರೂಪ ಕೊಟ್ಟಿತು. ಕರೆಂಟ್ ಎಷ್ಟಿರಬೇಕು ಅನ್ನೋದನ್ನು ವೈದ್ಯರು ರೋಗಿಯ ಮೇಲೆ ಹೆಚ್ಚುಕಮ್ಮಿ ಮಾಡಿ ನೋಡಿಯೇ ಕಂಡುಕೊಳ್ಳಬೇಕಿತ್ತು. ಈಗ ಕಂಪ್ಯೂಟರ್ ಮಾಡೆಲ್‌ಗಳ ನೆರವಿದೆ. ಕರೆಂಟ್‌ನ ಪ್ರಭಾವ ಎಲ್ಲಿಯವರೆಗೆ ಅನ್ನೋದನ್ನು ಅವು ಪರದೆ ಮೇಲೆ ಬಣ್ಣದ ಚೆಂಡಿನಂತೆ ತೋರಿಸುತ್ತವೆ.

ಆ ಚೆಂಡಿನ ಅಂಚನ್ನು ನಾನು ಕಣ್ಣುಮುಚ್ಚಿ ನಂಬಲ್ಲ. ಯಾಕಂದ್ರೆ ಮಿದುಳು ಒಂದೇ ಹದದ ಮುದ್ದೆಯಲ್ಲ.

ಬೂದು ಭಾಗದ ವಾಹಕತೆ, ಅಂದ್ರೆ ಕರೆಂಟನ್ನು ಹರಿಯಬಿಡುವ ಗುಣ, ಮೀಟರಿಗೆ ಸುಮಾರು 0.2 ಸೀಮೆನ್ಸ್ ಅಂತ ಅನೇಕ ಮಾಡೆಲ್‌ಗಳು ಹಿಡಿಯುತ್ತವೆ. ಮಿದುಳಿನ ಸುತ್ತಲಿನ ದ್ರವದ್ದು ಅದರ ಎಂಟೊಂಬತ್ತು ಪಟ್ಟು. ವಯಸ್ಸಾದಂತೆ ಮಿದುಳು ಕುಗ್ಗಿ ದ್ರವದ ಜಾಗ ಹಿಗ್ಗುತ್ತೆ. ಎಲೆಕ್ಟ್ರೋಡ್ ಹತ್ತಿರ ಅಂಥ ಜಾಗ ಇದ್ದರೆ ಕರೆಂಟ್ ಅತ್ತ ವಾಲುತ್ತೆ. ಬಿಳಿ ಭಾಗದಲ್ಲಿ ನರತಂತುಗಳ ಉದ್ದಕ್ಕೆ ಕರೆಂಟ್ ಸಲೀಸಾಗಿ ಹರಿಯುತ್ತೆ, ಅಡ್ಡಕ್ಕೆ ಕಷ್ಟ. ಅಂದಮೇಲೆ ಚೆಂಡು ದುಂಡಗೇ ಇರಬೇಕಿಲ್ಲ.

ದೇಹವೂ ಸುಮ್ಮನಿರಲ್ಲ. ಕೆಲವು ವಾರಗಳಲ್ಲಿ ಎಲೆಕ್ಟ್ರೋಡ್ ಸುತ್ತ ಗಾಯದ ತೆಳು ಪೊರೆ ಕಟ್ಟುತ್ತೆ. ವೋಲ್ಟೇಜನ್ನು ಸ್ಥಿರವಾಗಿಡುವ ಸಾಧನದಲ್ಲಿ ಪೊರೆಯ ತಡೆ ಹೆಚ್ಚಿದಷ್ಟೂ ಕರೆಂಟ್ ಕಮ್ಮಿ. ಕರೆಂಟನ್ನೇ ಸ್ಥಿರವಾಗಿಡುವ ಸಾಧನದಲ್ಲಿ ಈ ತೊಂದರೆ ಬಹಳಷ್ಟು ತಗ್ಗುತ್ತೆ.

ಇಷ್ಟಕ್ಕೂ ವಾಹಕತೆಯ ಅಂಕಿಗಳು ಎಲ್ಲಿಂದ ಬಂದವು? ಬಹುಪಾಲು ಪ್ರಾಣಿಗಳ, ಸತ್ತವರ ಅಂಗಾಂಶದ ಅಳತೆಗಳಿಂದ. ಡಿಫ್ಯೂಷನ್ ಎಂಆರ್‌ಐ ನೋಡಿ ತಂತುಗಳ ದಿಕ್ಕು ಅಂದಾಜಿಸಬಹುದು, ಆದ್ರೆ ಅದು ವಾಹಕತೆಯನ್ನು ನೇರವಾಗಿ ಅಳೆಯಲ್ಲ. ಗುರಿಯೋ ಕೆಲವೇ ಮಿಲಿಮೀಟರ್ ಗಾತ್ರದ್ದು. ಕರೆಂಟ್ ಸ್ವಲ್ಪ ಆಚೆ ಹರಿದು ಪಕ್ಕದ ನರಮಾರ್ಗಕ್ಕೆ ತಗುಲಿದರೆ ಮಾತು ತೊದಲಬಹುದು, ಸ್ನಾಯು ಸೆಟೆದುಕೊಳ್ಳಬಹುದು.

ಹಾಗಂತ ಮಾಡೆಲ್ ಬೇಡ ಅಂತಲ್ಲ. ರೋಗಿಗೆ ಅದು ಎಷ್ಟೋ ಸಲದ ಆಸ್ಪತ್ರೆ ಓಡಾಟ ಉಳಿಸಬಲ್ಲದು. ಆದರೆ ಒಂದೇ ಗೆರೆ ಎಳೆಯುವ ಬದಲು 'ಇಲ್ಲಿಂದ ಇಲ್ಲಿವರೆಗೆ' ಅಂತ ಅಂದಾಜಿನ ವ್ಯಾಪ್ತಿ ತೋರಿಸಲಿ. ಯಾವ ಅಂಕಿ ಹಿಡಿದಿದ್ದಾರೆ ಅನ್ನೋದು ಬಹಿರಂಗವಾಗಿರಲಿ. ಲೀಡ್-ಡಿಬಿಎಸ್, ಓಎಸ್‌ಎಸ್-ಡಿಬಿಎಸ್‌ನಂಥ ಮುಕ್ತ ತಂತ್ರಾಂಶಗಳ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕಂಪನಿಗಳ ಸಾಫ್ಟ್‌ವೇರ್‌ನಿಂದಲೂ ಕನಿಷ್ಠ ಆ ಅಂಕಿಗಳನ್ನು ಕೇಳೋಣ. ಫೀಡ್‌ನಲ್ಲಿ ಏನು ಕಾಣಿಸಬೇಕು ಅಂತ ತೀರ್ಮಾನಿಸೋ ಆಲ್ಗಾರಿದಮ್‌ಗೆ ಲೆಕ್ಕ ಕೇಳುವ ನಾವು, ಮಿದುಳಿಗೆ ಎಷ್ಟು ಕರೆಂಟ್ ಅಂತ ಸಲಹೆ ಕೊಡೋ ಆಲ್ಗಾರಿದಮ್‌ಗೆ ಯಾಕೆ ವಿನಾಯಿತಿ ಕೊಡಬೇಕು?