‘ಗಾಬಲ್ಡಿಗೂಕ್’ ಎಂಬ ಶಬ್ದದ ಕಥೆ

ಕಿವಿಗೆ ಬಿದ್ದೊಡನೆಯೇ ನಗೆ ತರಿಸುವ ಶಬ್ದಗಳು ಆಂಗ್ಲ ಭಾಷೆಯಲ್ಲಿ ಹಲವು ಉಂಟು. ಅವುಗಳಲ್ಲಿ ‘ಗಾಬಲ್ಡಿಗೂಕ್’ ಎಂಬುದಕ್ಕೆ ಅಗ್ರಸ್ಥಾನವನ್ನು ಕೊಡಲು ನಾವು ಹಿಂಜರಿಯುವುದಿಲ್ಲ. ಬಹುಪಾಲು ಶಬ್ದಗಳ ಹುಟ್ಟು ಕತ್ತಲೆಯಲ್ಲಿರುತ್ತದೆ. ಇದರ ಜನಕನೂ ಜನ್ಮವರ್ಷವೂ ಗೊತ್ತಿರುವುದು ಒಂದು ವಿಶೇಷ.

ಅದು 1944ನೆಯ ಇಸವಿ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಣ್ಣ ಕಾರ್ಖಾನೆಗಳಿಗೆ ಯುದ್ಧಸಾಮಗ್ರಿಯ ಕೆಲಸವನ್ನು ಒದಗಿಸಲು ಸ್ಥಾಪಿತವಾಗಿದ್ದ ಸರಕಾರಿ ನಿಗಮಕ್ಕೆ ಟೆಕ್ಸಸ್ ಪ್ರಾಂತದ ಮೌರಿ ಮ್ಯಾವರಿಕ್ ಎಂಬವರು ಅಧ್ಯಕ್ಷರಾಗಿದ್ದರು. ಕೈಕೆಳಗಿನವರು ಬರೆದು ಕಳುಹಿಸುತ್ತಿದ್ದ ಟಿಪ್ಪಣಿಗಳನ್ನು ಓದಿ ಓದಿ ಬೇಸತ್ತ ಅವರು ಒಂದು ದಿನ ಆಜ್ಞಾಪತ್ರವನ್ನೇ ಹೊರಡಿಸಿದರು: ಚಿಕ್ಕದಾಗಿ ಬರೆಯಿರಿ, ಹೇಳಬೇಕಾದುದನ್ನು ನೇರವಾಗಿ ಹೇಳಿರಿ, ‘ಆಕ್ಟಿವೇಶನ್’, ‘ಇಂಪ್ಲಿಮೆಂಟೇಶನ್’ ಮುಂತಾದ ಶಬ್ದಗಳನ್ನು ಬಳಸುವವರನ್ನು ಗುಂಡಿಕ್ಕಿ ಕೊಲ್ಲಲಾಗುವುದು! ಆ ಬಗೆಯ ಬರವಣಿಗೆಗೆ ಅವರಿಟ್ಟ ಹೆಸರೇ ಗಾಬಲ್ಡಿಗೂಕ್. ಹೆಸರು ಹೇಗೆ ಹೊಳೆಯಿತೆಂದು ಕೇಳಿದವರಿಗೆ, ಟೆಕ್ಸಸಿನ ಮುದಿ ಟರ್ಕಿ ಹುಂಜವೇ ಅದಕ್ಕೆ ಪ್ರೇರಣೆಯೆಂದರು. ಎದೆಯುಬ್ಬಿಸಿ ಠೀವಿಯಿಂದ ನಡೆಯುತ್ತ ಎಡೆಬಿಡದೆ ‘ಗಾಬಲ್ ಗಾಬಲ್’ ಎನ್ನುವ ಆ ಪಕ್ಷಿಯ ಕೂಗು ಕೊನೆಗೆ ‘ಗೂಕ್’ ಎಂಬಂತೆ ಮುಗಿಯುತ್ತದೆಯಂತೆ.

ಶಬ್ದಸೃಷ್ಟಿ ಇವರ ಮನೆತನಕ್ಕೆ ಹೊಸದಲ್ಲ. ಇವರ ಅಜ್ಜ ಸ್ಯಾಮ್ಯುಯೆಲ್ ಮ್ಯಾವರಿಕ್ ತಮ್ಮ ದನಗಳಿಗೆ ಮುದ್ರೆ ಹಾಕಿಸುತ್ತಿರಲಿಲ್ಲ. ಮುದ್ರೆಯಿಲ್ಲದ ದನಕ್ಕೂ, ಮುಂದೆ ಯಾವ ಪಕ್ಷಕ್ಕೂ ಕಟ್ಟುಬೀಳದ ಮನುಷ್ಯನಿಗೂ ‘ಮ್ಯಾವರಿಕ್’ ಎಂಬ ಹೆಸರು ಬಂದುದು ಹಾಗೆ.

ಇನ್ನು ಬಳಕೆಯ ಮಾತು. ಅರ್ಥವೇ ಇಲ್ಲದ ಹರಟೆಗೆ, ಮಗುವಿನ ತೊದಲಿಗೆ ಈ ಶಬ್ದ ಸಲ್ಲದು. ಅರ್ಥವಿದ್ದೂ ಆಡಂಬರದ ಅಡಿಯಲ್ಲಿ ಹೂತುಹೋಗಿರಬೇಕು. ಹೇಳುವವನಿಗೆ ಗತ್ತು, ಕೇಳುವವನಿಗೆ ಕತ್ತಲೆ. ವೈದ್ಯರಿಬ್ಬರು ತಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಮಾತನಾಡಿಕೊಂಡರೆ ಅದು ಗಾಬಲ್ಡಿಗೂಕ್ ಅಲ್ಲ. ಅದೇ ಮಾತನ್ನು ಹೆದರಿ ಕುಳಿತ ರೋಗಿಯ ಮುಂದೆ ಆಡಿದರೆ ಹೌದು. ಕನ್ನಡದ ‘ಶಬ್ದಾಡಂಬರ’ ಇದಕ್ಕೆ ಸಮೀಪದ್ದಾದರೂ ಅದರಲ್ಲಿ ಹುಂಜದ ನಡಿಗೆ ಇಲ್ಲ.

ಶಬ್ದವಿಲ್ಲದಿದ್ದರೇನು, ವಸ್ತು ನಮ್ಮಲ್ಲಿ ಧಾರಾಳವಾಗಿದೆ. ಕರ್ನಾಟಕದಲ್ಲಿ 1963ರ ಶಾಸನದಿಂದ ಕನ್ನಡವು ಆಡಳಿತ ಭಾಷೆಯಾಯಿತು. ಆದರೆ ಕಚೇರಿಯ ಕನ್ನಡವು ಮನೆಯ ಕನ್ನಡವಾಯಿತೇ? ತಂದೆಯ ಕಾಲಾನಂತರ ಊರಿನ ಜಮೀನಿನ ಖಾತೆ ಬದಲಾವಣೆಗಾಗಿ ಮುಂಬಯಿಯಿಂದ ಅರ್ಜಿ ಹಾಕಿದ ಮಗನಿಗೆ ಈ ಧಾಟಿಯ ಉತ್ತರ ಬರುತ್ತದೆನ್ನೋಣ: ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳುವ ಬಗ್ಗೆ ಪರಿಶೀಲನೆಯಲ್ಲಿರುತ್ತದೆ.’ ಇದರರ್ಥ, ಇನ್ನೂ ಏನೂ ಆಗಿಲ್ಲ ಎಂದಷ್ಟೆ. ಆದರೆ ರಜೆ ಹಾಕಿ ಊರಿಗೆ ಹೋಗಬೇಕೇ, ಇನ್ನೊಂದು ಕಾಗದ ಕೊಡಬೇಕೇ, ಸುಮ್ಮನೆ ಕಾಯಬೇಕೇ ಎಂಬುದು ಅವನಿಗೆ ತಿಳಿಯದು. ತಿಳಿಯದೆ ಹೊರಟರೆ ರೈಲಿನ ಖರ್ಚೂ ಸಂಬಳವೂ ಹೋದುವು. ಹೊರಡದಿದ್ದರೆ ತಕರಾರಿನ ಅವಧಿಯೇ ಮೀರಿ ಹೋದೀತು. ನಷ್ಟ ಬರೆದವನದಲ್ಲ.

ಬ್ರಿಟನ್ನಿನಲ್ಲಿ ಸರಕಾರಿ ನೌಕರರಿಗಾಗಿಯೇ ಸರ್ ಅರ್ನೆಸ್ಟ್ ಗವರ್ಸ್ ಅವರು 1948ರಲ್ಲಿ ಸರಳ ಬರವಣಿಗೆಯ ಕೈಪಿಡಿಯೊಂದನ್ನು ಬರೆದುಕೊಟ್ಟರು. ಹುಂಜ ಸುಮ್ಮನಾಗಲಿಲ್ಲ. ಹದಿಹರೆಯದವರೆಗೂ ಓದಲು ಬಾರದಿದ್ದ ಕ್ರಿಸ್ಸಿ ಮಾಹರ್ ಎಂಬ ಮಹಿಳೆ 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನಿಂತು ಸರಕಾರದ ನೂರಾರು ನಮೂನೆಗಳನ್ನು ಚೂರು ಚೂರು ಮಾಡಿದರು. ಅಲ್ಲಿಂದ ಸರಳ ಇಂಗ್ಲಿಷಿನ ಚಳವಳಿ ಹೊರಟಿತು. ಶಬ್ದದ ತವರಾದ ಅಮೆರಿಕದಲ್ಲಿ, ಸರಕಾರಿ ಪತ್ರಗಳು ಜನರಿಗೆ ತಿಳಿಯುವಂತಿರಬೇಕೆಂಬ ಕಾನೂನು ಬಂದುದು 2010ರಲ್ಲಿ. ಮ್ಯಾವರಿಕರ ಆಜ್ಞೆಯ ತರುವಾಯ ಅರುವತ್ತಾರು ವರ್ಷಗಳಿಗೆ!

ಬಳಸಲಿಚ್ಛಿಸುವ ವಾಚಕರಿಗೆ ಒಂದೆರಡು ಸೂಚನೆ. ಇದಕ್ಕೆ ಸಾಮಾನ್ಯವಾಗಿ ಬಹುವಚನವಿಲ್ಲ. ನಡುವೆ ‘ವೈ’ ಅಕ್ಷರವನ್ನು ಬರೆದರೂ ಸರಿ, ‘ಇ’ ಬರೆದರೂ ಸರಿ. ಆದರೆ ಬಾಲವನ್ನು ಮಾತ್ರ ಕತ್ತರಿಸಿ ಬಳಸಕೂಡದು: ‘ಗೂಕ್’ ಎಂಬುದು ಅಮೆರಿಕದ ಸೈನಿಕರು ಏಷ್ಯಾದ ಜನರನ್ನು ಹೀನೈಸಲು ಬಳಸಿದ ಬೈಗುಳವೂ ಆಗಿದೆ.