ಗುಳ್ಳೆ ಬಿಡದ ಈಜುಗಾರರು

1941ರ ಡಿಸೆಂಬರ್ 19ರ ಮುಂಜಾವ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಬ್ರಿಟಿಷರ ಎರಡು ಸಮರನೌಕೆಗಳ ತಳ ಒಡೆಯಿತು: ‘ವೇಲಿಯಂಟ್’ ಮತ್ತು ‘ಕ್ವೀನ್ ಎಲಿಜಬೆತ್’. ಒಂದು ತೈಲ ಹಡಗು, ಅದರ ಪಕ್ಕದಲ್ಲಿದ್ದ ಡಿಸ್ಟ್ರಾಯರ್ ಕೂಡ ಜಖಂಗೊಂಡವು. ಇಷ್ಟನ್ನೂ ಮಾಡಿದವರು ಆರೇ ಜನ, ಇಟಲಿ ನೌಕಾಪಡೆಯ ‘ಡೆಚಿಮಾ ಮಾಸ್’ ತುಕಡಿಯವರು.

ಕಮಾಂಡೊ ಎಂದರೆ ಬಂದೂಕು, ಚಾಕು ಕಣ್ಣಮುಂದೆ ಬರುತ್ತವೆ. ಇವರ ವಿದ್ಯೆಯೆಲ್ಲ ಇದ್ದದ್ದು ಉಸಿರಿನಲ್ಲಿ. ಮುಳುಗುಗಾರ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆದ್ದರೆ ಕಾವಲಿನವನಿಗೆ ಅಷ್ಟು ಸುಳಿವು ಸಾಕು. ಹಾಗಾಗಿ ಇವರು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದರು. ಎದೆಗೆ ರಬ್ಬರ್ ಚೀಲ, ಸಿಲಿಂಡರಿನಲ್ಲಿ ಶುದ್ಧ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಹೀರಲು ಒಂದು ಡಬ್ಬಿ ಸೋಡಾ ಸುಣ್ಣ. ಅಪಾಯವೂ ಅಲ್ಲೇ ಇತ್ತು. ಸುಣ್ಣಕ್ಕೆ ನೀರು ತಗುಲಿದರೆ ಬಾಯಿ, ಗಂಟಲು ಸುಡುತ್ತದೆ. ಆಳಕ್ಕಿಳಿದಂತೆ ಆಮ್ಲಜನಕವೇ ವಿಷವಾಗಿ ಫಿಟ್ಸ್ ಬರುತ್ತದೆ.

ವಾಹನ, ಸುಮಾರು ಏಳು ಮೀಟರಿನ ಬ್ಯಾಟರಿ ಟಾರ್ಪೆಡೊ. ಇಬ್ಬರು ಅದರ ಮೇಲೆ ಕುದುರೆ ಹತ್ತಿದಂತೆ ಕಾಲು ಇಳಿಬಿಟ್ಟು ಕೂರಬೇಕು. ವೇಗ ನಾವು ನಡೆಯುವಷ್ಟೇ. ಮಾತು ಕೇಳದ ಈ ಯಂತ್ರವನ್ನು ನಾವಿಕರು ‘ಹಂದಿ’ ಎನ್ನುತ್ತಿದ್ದರು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬನಾದ ಟೆಸೆಯೊ ಟೆಸೆಯಿ ಅದೇ ವರ್ಷದ ಜುಲೈನಲ್ಲಿ ಮಾಲ್ಟಾ ದಾಳಿಯಲ್ಲಿ ಸತ್ತ.

ಅಲೆಕ್ಸಾಂಡ್ರಿಯಾದಲ್ಲೂ ‘ಹಂದಿ’ ಕೈಕೊಟ್ಟಿತು. ‘ವೇಲಿಯಂಟ್’ ಹತ್ತಿರ ಅದು ಕೆಟ್ಟು ನಿಂತಾಗ ಜೊತೆಗಾರ ಬಿಯಾಂಕಿ ಪಕ್ಕದಲ್ಲಿರಲಿಲ್ಲ. ಲುಯಿಜಿ ಡುರಾಂಡ್ ಡಿ ಲಾ ಪೆನ್ನೆ ಕೆಸರಿನಲ್ಲಿ ಒಬ್ಬನೇ ಅದನ್ನು ಎಳೆದು ಹಡಗಿನಡಿ ಸೇರಿಸಿದ. ಮೇಲೆ ಬಂದಾಗ ಇಬ್ಬರೂ ಸೆರೆಸಿಕ್ಕಿ, ಅದೇ ಹಡಗಿನ ಒಡಲಲ್ಲಿ ಬಂಧಿಗಳಾದರು. ‘ಹಂದಿ’ ಹೊತ್ತು ತಂದ ಬಾಂಬ್ ಎಲ್ಲಿದೆಯೆಂದು ಡಿ ಲಾ ಪೆನ್ನೆ ಬಾಯಿಬಿಡಲಿಲ್ಲ. ಸ್ಫೋಟಕ್ಕೆ ಸ್ವಲ್ಪ ಮೊದಲು ಕ್ಯಾಪ್ಟನ್ ಚಾರ್ಲ್ಸ್ ಮಾರ್ಗನ್‌ಗೆ ಎಚ್ಚರಿಕೆಯನ್ನಷ್ಟೇ ಕೊಟ್ಟ. ಆಳವಿಲ್ಲದ ಬಂದರು, ಹಡಗುಗಳು ನೆಟ್ಟಗೆ ಕುಳಿತಿದ್ದರಿಂದ ಏನೂ ಆಗಿಲ್ಲವೆಂದು ನಟಿಸಲು ಬ್ರಿಟಿಷರಿಗೆ ಅನುಕೂಲವೇ ಆಯಿತು. ಮರುವರ್ಷ ‘ಹಂದಿ’ಯನ್ನೇ ನೋಡಿ ತಮ್ಮ ‘ಚಾರಿಯಟ್’ ಕಟ್ಟಿಕೊಂಡರು.

1945ರಲ್ಲಿ ಇಟಲಿ ಡಿ ಲಾ ಪೆನ್ನೆಗೆ ಚಿನ್ನದ ಪದಕ ಕೊಟ್ಟಾಗ ಅದನ್ನು ಎದೆಗೆ ಚುಚ್ಚಿದವನು ಇದೇ ಮಾರ್ಗನ್. ಚೆಂದದ ಕಥೆ, ಎಲ್ಲರೂ ಹೇಳುತ್ತಾರೆ. ಇನ್ನೊಂದನ್ನೂ ಹೇಳಬೇಕು. ಆ ಆರು ಜನರನ್ನು ಬಂದರಿನ ಬಾಗಿಲವರೆಗೆ ತಂದುಬಿಟ್ಟ ಜಲಾಂತರ್ಗಾಮಿ ‘ಶಿರೆ’ಯ ಕಮಾಂಡರ್ ಬೊರ್ಗೇಸೆ, 1943ರಲ್ಲಿ ಇಟಲಿ ಶರಣಾದ ಮೇಲೆ ನಾಜಿಗಳ ಜೊತೆ ನಿಂತ. ‘ಡೆಚಿಮಾ’ ಹೆಸರಿನಲ್ಲೇ ನೆಲದ ಮೇಲೆ ತನ್ನ ದೇಶದ ಪ್ರತಿರೋಧಿಗಳನ್ನು ಬೇಟೆಯಾಡಿಸಿದ. ಲಾ ಸ್ಪೆಜಿಯಾ ಬಳಿಯ ವರಿಗ್ನಾನೊದಲ್ಲಿರುವ ಇಂದಿನ ನೌಕಾ ಕಮಾಂಡೊ ಪಡೆ ಇಟ್ಟುಕೊಂಡಿರುವುದು ಟೆಸೆಯಿಯ ಹೆಸರನ್ನು.